ಎಲೆಕೋಸಿನ ಜೋಡಿ ತೂತು

ಎಲೆಕೋಸು ಬೆಳೆದೂ ಬೆಳೆದೂ ಊರಿಗೆಲ್ಲ ಕೋಸಣ್ಣನಾದವನ ಹೊಲದಲ್ಲಿ ಒಂದೇ ಒಂದು ಎಲೆಗೂ ತೂತಿರಲಿಲ್ಲ. ಅವನ ಕಷ್ಟಕ್ಕೆಲ್ಲ ಅದೇ ಮೂಲ.

ವಿಷ ಹೊಡೆಯದೆ ಬೆಳೆಯುವ ರೈತರ ಗುಂಪಿಗೆ ಸರ್ಕಾರದ ಅನುದಾನವಿತ್ತು. ಅದರಲ್ಲಿ ಗುಂಪಿಗೊಂದು ಸೋಲಾರ್ ಪಂಪು ಬರುವುದಿತ್ತು. ಹತ್ತು ಜನರಲ್ಲಿ ಒಬ್ಬ ವಿಷ ಹೊಡೆದಿದ್ದರೂ ಹತ್ತೂ ಜನಕ್ಕೆ ಪಂಪಿಲ್ಲ. ತಪಾಸಣೆಗೆ ಅಧಿಕಾರಿ ಬರುವುದು ಅಂದೇ ಮಧ್ಯಾಹ್ನ. ಬೆಳಿಗ್ಗೆಯೇ ಗುಂಪಿನ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಕೋಸಣ್ಣನ ಎಲೆಯೊಂದನ್ನು ಬಿಸಿಲಿಗೆ ಹಿಡಿದು, ಖೋಟಾ ನೋಟು ಪರೀಕ್ಷಿಸುವವರಂತೆ ನೋಡಿದರು.

"ಹುಳ ಎಲ್ಲಪ್ಪಾ?"

"ದಿನಾ ಬೆಳಿಗ್ಗೆ ನಾನೂ ಇವಳೂ ಕೈಯಲ್ಲೇ ಆರಿಸಿ ತೆಗೀತೀವಿ, ಮೇಷ್ಟ್ರೇ."

"ಒಂದೊಂದೇ?"

"ಒಂದೊಂದೇ."

"ಭಾವ, ನಾವೇನು ಕಿವಿ ಮೇಲೆ ಹೂ ಇಟ್ಕೊಂಡು ಬಂದಿದೀವಾ?" ಎಂದ ಅವನ ಸ್ವಂತ ಭಾವಮೈದ.

"ಮಧ್ಯಾಹ್ನದೊಳಗೆ ಎಲೆಲಿ ತೂತು ಕಾಣ್ಬೇಕು. ಇಲ್ದಿದ್ರೆ ನಿನ್ನ ಹೆಸರು ತೆಗೀತೀವಿ," ಎಂದು ಮೇಷ್ಟ್ರು ಹೊರಟರು.

ಪಂಪಿಲ್ಲದಿದ್ದರೆ ಬೇಸಿಗೆಯಿಡೀ ಕೊಡದಲ್ಲಿ ನೀರು ಹೊರಬೇಕಾದವರು ಅವನೂ ಅವನ ಹೆಂಡತಿಯೂ. ನಾಲ್ಕು ಹುಳ ಕಡ ತರೋಣವೆಂದು ಕೋಸಣ್ಣ ಡಬ್ಬಿ ಹಿಡಿದು ಮೇಷ್ಟ್ರ ಹೊಲಕ್ಕೇ ನುಗ್ಗಿದ. ಅಲ್ಲಿ ಎಲೆಗೆಲ್ಲ ತೂತು. ಆದರೆ ಇಪ್ಪತ್ತು ಗಿಡ ತಿರುವಿದರೂ ಮದ್ದಿಗೆ ಬೇಕೆಂದರೂ ಒಂದು ಹುಳವಿಲ್ಲ. ತೂತುಗಳೋ ಎರಡೆರಡು, ಒಂದೇ ಅಳತೆ, ಒಂದೇ ಅಂತರ. ಹೊಸದಾಗಿ ಮದುವೆಯಾದ ಹುಳಗಳು ಜೋಡಿಯಾಗಿಯೇ ಊಟಕ್ಕೆ ಕೂತೆದ್ದಂತಿತ್ತು.

ಸಾಲಿನ ಕೊನೆಯಲ್ಲಿ ಮೇಷ್ಟ್ರ ಹೆಂಡತಿ ಕುಕ್ಕುರುಗಾಲಲ್ಲಿ ಕೂತು, ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮಷೀನಿನಿಂದ ಎಲೆಗಳಿಗೆ ಟಕ್ ಟಕ್ ಎಂದು ಹೊಡೆಯುತ್ತಿದ್ದರು.

"ನಿಮ್ದಿನ್ನೂ ಆಗಿಲ್ವಾ ಅಣ್ಣ? ಎಲ್ಲರದೂ ಆಯ್ತಲ್ಲ. ನಮ್ಮನೆಯವರು ಹೇಳ್ಲಿಲ್ವಾ? ಔಷಧಿ ಹೊಡೆದ ಮೇಲೆ ಎಲೆ ತೀರಾ ಚೆಂದ ಆಗ್ಬಿಡತ್ತೆ, ನೋಡಿದವರಿಗೆ ಅನುಮಾನ. ತಗೊಳ್ಳಿ, ಮುಗಿಸಿ ವಾಪಸ್ ಕೊಡಿ."

ಬಾಯಿ ಬಿಟ್ಟರೆ ಪಂಪು ಹೋಗುತ್ತದೆ, ತೂತು ಹೊಡೆಯದಿದ್ದರೆ ತನ್ನ ಹೆಸರು ಹೋಗುತ್ತದೆ. ಕೋಸಣ್ಣ ಮಷೀನು ತೆಗೆದುಕೊಂಡು ತನ್ನ ಹೊಲಕ್ಕೆ ಬಂದ.

"ಮಕ್ಕಳ ಥರ ಸಾಕಿದ ಎಲೆ. ಕಿವಿ ಚುಚ್ಚೋ ಹಾಗೆ ಚುಚ್ತಿದೀರಲ್ಲ," ಎಂದು ಅವನ ಹೆಂಡತಿ ಮುಖ ತಿರುಗಿಸಿ ಮನೆಗೆ ಹೋದಳು.

ಹನ್ನೆರಡನೇ ಗಿಡಕ್ಕೆ ಬಂದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅಧಿಕಾರಿ ಮೇಡಂ. ಅವರ ಹಿಂದೆ ಇಡೀ ಗುಂಪು.

"ದಾರಿಯುದ್ದಕ್ಕೂ ಎಲ್ಲರ ಹೊಲದಲ್ಲೂ ಈ ಜೋಡಿ ತೂತು ನೋಡ್ತಾ ಬಂದೆ. ಇದ್ಯಾವ ಹುಳ ಅಂತ ತಲೆ ಕೆಡಿಸ್ಕೊಂಡಿದ್ದೆ," ಎಂದು ಅವರು ಕೋಸಣ್ಣನ ಕೈ ನೋಡಿದರು. "ಈಗ ಸಿಕ್ತು."

ಅವನು ತುಟಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದೆ ಬಂದರು. "ನಮಗೂ ಈಗ್ಲೇ ಗೊತ್ತಾಗಿದ್ದು, ಮೇಡಂ. ಒಂದು ಹುಳ ಮುಟ್ಟದ ಹಾಗೆ ಬೆಳೆದಿದ್ವಿ. ಹೊಟ್ಟೆಕಿಚ್ಚಿಗೆ ಎಲ್ಲರ ಬೆಳೆನೂ ಹಾಳು ಮಾಡಿದಾನೆ."

"ತನ್ನ ಬೆಳೆಗೂ ಹೊಡ್ಕೊಂಡಿದಾರಲ್ಲ?"

"ಅನುಮಾನ ಬರಬಾರ್ದಲ್ಲ, ಅದಕ್ಕೆ."

"ಸರಿ, ನೀವು ಹುಳಕ್ಕೆ ಏನು ಹಾಕ್ತೀರಿ?"

"ಬರೀ ಬೆಳ್ಳುಳ್ಳಿ ಕಷಾಯ," ಎಂದ ಭಾವಮೈದ, ಕಣ್ಣು ಮಿಟುಕಿಸದೆ.

ಮೇಡಂ ತಲೆದೂಗಿ ಅಲ್ಲೇ ನಿಂತು ಶಿಫಾರಸು ಬರೆದರು: ಒಂಬತ್ತು ಜನಕ್ಕೆ ಸೋಲಾರ್ ಪಂಪು; ಅವರ ಬೆಳೆಯ ರಕ್ಷಣೆಗೆ, ಸರ್ಕಾರದ ಖರ್ಚಿನಲ್ಲೇ, ಕೋಸಣ್ಣನ ಹೊಲದ ಸುತ್ತ ಆಳೆತ್ತರದ ತಂತಿಬೇಲಿ.