ಕ್ಯಾಪ್ಟನ್ನರ ತಿಮಿಂಗಿಲ ಮತ್ತು ನಮ್ಮವರ ದಾಕ್ಷಿಣ್ಯ

ನಮ್ಮವರು ನಾಲ್ಕು ಜನ ಸೇರಿದ ಕಡೆ ಏನಾದರೊಂದು ಆಗದೆ ಇರುವುದಿಲ್ಲ. ಅದೇ ನಾಲ್ಕು ಜನರನ್ನು ಒಂದು ಪುಟ್ಟ ವಿಮಾನದೊಳಗೆ ತುರುಕಿದರೆ ಕೇಳಬೇಕೇ? ತೊಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಅಂಚಿನ ಒಂದು ಚಿಕ್ಕ ವಿಮಾನ ಮೈದಾನದಲ್ಲಿ ನಾನು ಶನಿವಾರ ಶನಿವಾರ ಕೆಲಸ ಮಾಡುತ್ತಿದ್ದೆ. ಪಿನ್ನರ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಯಜಮಾನರು ಡಾಕ್ಟರು, ಅವರಿಗೆ ಶನಿವಾರವೂ ಡ್ಯೂಟಿ. ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂರುವ ಬದಲು ಟಿಕೆಟ್ ಹರಿಯೋಣ ಎಂದು ಸೇರಿಕೊಂಡೆ.

ಅಲ್ಲಿದ್ದದ್ದು ಒಂದು ಹುಲ್ಲಿನ ರನ್‌ವೇ, ಒಂದು ತಗಡಿನ ಶೆಡ್ಡು, ನಾಲ್ಕು ಸೀಟಿನ ಒಂದು ವಿಮಾನ. ವಿಮಾನದ ಮಾಲೀಕರೂ ಪೈಲಟ್ಟೂ ಒಬ್ಬರೇ, ವಯಸ್ಸಾದ ಇಂಗ್ಲಿಷರು. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಅವರ ಹೆಂಡತಿ ಶೆಡ್ಡಿನ ಮೂಲೆಯಲ್ಲಿ ಸೂಪು, ಸ್ಯಾಂಡ್‌ವಿಚ್ ಮಾರುತ್ತಿದ್ದರು. ಬಾಗಿಲ ಮೇಲೆ ಬೋರ್ಡು ಇತ್ತು: ‘ಆಕಾಶದಿಂದ ತಿಮಿಂಗಿಲ ನೋಡಿ. ಕಾಣದಿದ್ದರೆ ಇನ್ನೊಂದು ಸಲ ಪುಕ್ಕಟೆ.’

ಲಂಡನ್ನಿನಿಂದ ತಿಮಿಂಗಿಲವೇ ಎಂದು ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಊರಿನ ಉತ್ತರಕ್ಕೆ ಸುತ್ತು ಹಾಕಿ, ಥೇಮ್ಸ್ ನದಿ ಸಮುದ್ರ ಸೇರುವ ಜಾಗ ದಾಟಿ, ಕಡಲ ಮೇಲೆ ಒಂದೆರಡು ಸುತ್ತು ಹೊಡೆದು ಬರುವುದು. ಎಷ್ಟೋ ವರ್ಷಗಳ ಹಿಂದೆ ಕ್ಯಾಪ್ಟನ್ ಒಬ್ಬರೇ ಹಾರುತ್ತಿದ್ದಾಗ ಅಲ್ಲೊಂದು ತಿಮಿಂಗಿಲ ಕಂಡಿದ್ದರಂತೆ. ಹೆಂಡತಿ ನಂಬಲಿಲ್ಲ. “ನೀನು ಕಂಡದ್ದು ತೇಲುವ ಮರದ ದಿಮ್ಮಿ” ಎಂದುಬಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಏನೇ ಮಾತು ಬಂದರೂ ಕೊನೆಗೆ ದಿಮ್ಮಿಗೇ ಬಂದು ನಿಲ್ಲುತ್ತಿತ್ತು. ಒಬ್ಬರಾದರೂ ಆಕೆಯ ಮುಂದೆ ನಿಂತು ‘ನಾನೂ ಕಂಡೆ’ ಎಂದು ಹೇಳಬೇಕು ಎನ್ನುವುದೇ ಕ್ಯಾಪ್ಟನ್ನರ ಆಸೆ. ಈ ಬೇಸಿಗೆ ಮುಗಿಯುತ್ತಲೇ ವಿಮಾನ ಮಾರಿಬಿಡಬೇಕು ಎನ್ನುವುದು ಆಕೆಯ ಹಟ. ನಾನು ಸೇರಿದ್ದು ಆ ಬೇಸಿಗೆಯಲ್ಲೇ.

ಹನ್ನೆರಡೇ!

ನಾನು ಅಲ್ಲಿದ್ದೇನೆಂದು ಗೊತ್ತಾದದ್ದೇ ತಡ, ನಮ್ಮ ಕನ್ನಡದವರು ಬರತೊಡಗಿದರು. ಊರಿಂದ ಬಂದ ನೆಂಟರಿಗೆ ಅರಮನೆಯ ಗೇಟು, ಮೇಣದ ಬೊಂಬೆ ಎಲ್ಲ ತೋರಿಸಿ ಮುಗಿದ ಮೇಲೆ ಇನ್ನೇನು ತೋರಿಸುವುದು? ತಿಮಿಂಗಿಲ ತೋರಿಸುವುದು.

ಪುಟ್ಟ ವಿಮಾನಕ್ಕೆ ಹತ್ತುವ ಮುಂಚೆ ಪ್ರತಿಯೊಬ್ಬರ ತೂಕ ನೋಡಲೇಬೇಕು, ಯಾರು ಎಲ್ಲಿ ಕೂರಬೇಕೆನ್ನುವುದು ಅದರ ಮೇಲೆ ನಿಲ್ಲುತ್ತದೆ. ಮೊದಲು ಬಂದವರು ಬೆಂಗಳೂರಿನ ಒಬ್ಬ ಮಹಿಳೆ, ಗಂಡನ ಜೊತೆ ತಮ್ಮನ ಮನೆಗೆ ಬಂದಿದ್ದರು. ತೂಕ ಎಷ್ಟು ಎಂದು ಕೇಳಿದರೆ ಮದುವೆಯಾದಾಗಿನದು ಹೇಳಿದರು. ಕ್ಯಾಪ್ಟನ್ ಅವರನ್ನೊಮ್ಮೆ, ವಿಮಾನವನ್ನೊಮ್ಮೆ ನೋಡಿ ತಕ್ಕಡಿಯ ಕಡೆ ಕೈ ತೋರಿಸಿದರು.

“ನಾಲ್ಕು ಜನರ ಮುಂದೆ ತೂಗ್ತಾರಾ? ನಾನೇನು ಈರುಳ್ಳಿ ಮೂಟೇನಾ?” ಎಂದು ಆಕೆಗೆ ಸಿಟ್ಟು ಬಂತು. ಗಂಡ ಆ ಕಡೆ ತಿರುಗಿ ನಿಲ್ಲುವುದಾದರೆ ಮಾತ್ರ ಹತ್ತುತ್ತೇನೆ ಎಂದರು. ಗಂಡ ಪಾಪ ಹುಲ್ಲು ನೋಡುತ್ತ ನಿಂತರು. ಆಕೆ ಚಪ್ಪಲಿ ಬಿಟ್ಟು, ಬಳೆ ಬಿಚ್ಚಿ, ಉಸಿರು ಬಿಗಿಹಿಡಿದು ತಕ್ಕಡಿ ಹತ್ತಿದರು. ಅಷ್ಟರಲ್ಲಿ ಬೇರೆ ಕಡೆಯಿಂದ ಬಂದಿಳಿದಿದ್ದ ವಿಮಾನವೊಂದರ ಎಂಜಿನ್ ಶುರುವಾಯಿತು. ಆ ಸದ್ದಿನಲ್ಲಿ ನನಗೆ ಕೇಳಲೆಂದು ಕ್ಯಾಪ್ಟನ್ ಇಡೀ ಮೈದಾನಕ್ಕೆ ಕೇಳುವಂತೆ “ಟ್ವೆಲ್ವ್ ಸ್ಟೋನ್!” ಎಂದು ಕೂಗಿದರು. ಇಲ್ಲಿನ ಹಳಬರು ತೂಕವನ್ನು ಇನ್ನೂ ಸ್ಟೋನ್ ಲೆಕ್ಕದಲ್ಲೇ ಹೇಳುತ್ತಾರೆ, ಒಂದು ಸ್ಟೋನ್ ಎಂದರೆ ಆರು ಕೆಜಿಗೂ ಮೇಲು.

ಇನ್ನು ಜಗಳವೇ ಎಂದುಕೊಂಡೆ. ಆಕೆಯ ಮುಖ ಮಾತ್ರ ಅರಳಿತು. “ಕೇಳಿಸ್ತೇನ್ರೀ? ಹನ್ನೆರಡೇ! ಬೆಂಗಳೂರಿನ ಮೆಷಿನ್ನೇ ಸರಿ ಇಲ್ಲ ಅಂತ ನಾನು ಅವತ್ತಿನಿಂದ ಹೇಳ್ತಾ ಇದೀನಿ” ಎಂದು ಗಂಡನ ಕಡೆ ತಿರುಗಿದರು.

ಬೀಗರ ಸೀಟು

ಇಲ್ಫರ್ಡ್‌ನಲ್ಲಿರುವ ಡಾಕ್ಟರೊಬ್ಬರು ಮಗಳ ಮಾವನನ್ನು ಕರೆತಂದರು. ಮೈಸೂರಿನ ಬೀಗರು, ಮೊದಲ ಸಲ ಬಂದವರು. ಪೈಲಟ್ ಪಕ್ಕದ ಮುಂದಿನ ಸೀಟು ಒಂದೇ ಇರುವುದು, ಎಲ್ಲವೂ ಚೆನ್ನಾಗಿ ಕಾಣುವುದು ಅಲ್ಲಿಂದಲೇ.

“ನೀವು ಮುಂದೆ ಕೂತ್ಕೊಳ್ಳಿ ಬೀಗ್ರೆ.”

“ಛೆ ಛೆ, ಎಲ್ಲಾದ್ರೂ ಉಂಟೇ? ನೀವು ಕೂತ್ಕೊಳ್ಳಿ.”

“ನೀವು ಅಷ್ಟು ದೂರದಿಂದ ಬಂದೋರು.”

“ನೀವು ಹೆಣ್ಣು ಕೊಟ್ಟೋರು.”

ಒಬ್ಬರು ಇನ್ನೊಬ್ಬರ ತೋಳು ಹಿಡಿದು ಮುಂದಕ್ಕೆ ನೂಕುವುದು, ಅವರು ಇವರನ್ನು ನೂಕುವುದು. ರೆಕ್ಕೆಯ ಕೆಳಗೇ ತಳ್ಳಾಟವಾಯಿತು. ಕ್ಯಾಪ್ಟನ್ ಗಾಬರಿಯಿಂದ ನನ್ನ ಹತ್ತಿರ ಓಡಿಬಂದರು. “ಹೊಡೆದಾಡುತ್ತಿದ್ದಾರಾ? ಪೊಲೀಸರನ್ನು ಕರೆಯಲಾ?”

“ಇಲ್ಲ ಸರ್, ಮರ್ಯಾದೆ ಕೊಡ್ತಾ ಇದಾರೆ.”

“ಎಷ್ಟು ಹೊತ್ತು ಕೊಡುತ್ತಾರೆ?”

ಮೋಡ ಕವಿಯುತ್ತ ಬಂತು, ಹೊರಡುವ ಸಮಯ ಮೀರಿತು. ಕೊನೆಗೆ ಬೀಗರಿಬ್ಬರೂ ಹಟ ಬಿಡದೆ ಹಿಂದಿನ ಸೀಟುಗಳಲ್ಲೇ ಕೂತರು. ತೂಕ ಸರಿದೂಗಿಸಲು ಕ್ಯಾಪ್ಟನ್ ಮುಂದಿನ ಸೀಟಿಗೆ ಮರಳಿನ ಚೀಲವೊಂದನ್ನು ಬೆಲ್ಟು ಹಾಕಿ ಕಟ್ಟಿದರು. ಅವತ್ತು ಕ್ಯಾನರಿ ವಾರ್ಫಿನ ಗೋಪುರ, ಥೇಮ್ಸ್, ಸಮುದ್ರ, ಎಲ್ಲವನ್ನೂ ಕಣ್ತುಂಬ ನೋಡಿಕೊಂಡು ಬಂದದ್ದು ಆ ಮರಳಿನ ಚೀಲ.

ಜಲಾಶಯದ ಪಿನ್ನು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಗಿರಾಕಿಗಳು ಇಳಿದವರೇ “ಏನೂ ಕಾಣಲಿಲ್ಲ” ಎಂದು ಪುಕ್ಕಟೆ ಟಿಕೆಟ್ ಬರೆಸಿಕೊಳ್ಳುತ್ತಿದ್ದರು. ನಮ್ಮವರು ಹಾಗಲ್ಲ. ವಯಸ್ಸಾದ ಮನುಷ್ಯ, ಅಷ್ಟು ದೂರ ಹಾರಿಸಿಕೊಂಡು ಹೋಗಿದ್ದಾರೆ, ಮುಖದಲ್ಲಿ ಆಸೆ ಇಟ್ಟುಕೊಂಡು “ಕಂಡಿತೇ?” ಎಂದು ಕೇಳುತ್ತಾರೆ. ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? “ಓ, ಕಾಣಿಸ್ತು ಸರ್! ಎಷ್ಟು ದೊಡ್ಡದು!” ಎಂದು ಎಲ್ಲರೂ ಹೇಳುತ್ತಿದ್ದರು. ಕಾರಂಜಿ ಹಾರಿಸಿತು ಎಂದರು ಒಬ್ಬರು. ಬಾಲ ಬಡಿಯಿತು ಎಂದರು ಇನ್ನೊಬ್ಬರು. ನಮ್ಮನ್ನು ನೋಡಿ ನಕ್ಕಿತು ಎಂದರು ಬೀಗರು. ಹಿಂದೆ ಕೂತಿದ್ದ ಅವರಿಗೆ ಕ್ಯಾಪ್ಟನ್ನರ ಬೋಳುತಲೆ ಬಿಟ್ಟರೆ ಬೇರೇನೂ ಕಂಡಿರಲಿಲ್ಲ.

ಒಬ್ಬೊಬ್ಬರು ಹೇಳಿದಾಗಲೂ ಕ್ಯಾಪ್ಟನ್ ಗೋಡೆಯ ನಕ್ಷೆಯ ಮೇಲೆ ಒಂದು ಕೆಂಪು ಪಿನ್ನು ಚುಚ್ಚುತ್ತಿದ್ದರು. ಪಿನ್ನುಗಳೆಲ್ಲ ಕನ್ನಡದವರವೇ.

ಒಂದು ಶನಿವಾರ ಅಪ್ಪ, ಅಮ್ಮ, ಮಗಳು ಬಂದರು. ಮಗಳು ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಳಿದ ಮೇಲೆ ಕ್ಯಾಪ್ಟನ್ ಕೇಳಿದರು. “ಅದ್ಭುತ!” ಎಂದರು ಅಪ್ಪ. “ಎರಡಿದ್ವು” ಎಂದರು ಅಮ್ಮ.

ಹುಡುಗಿ ಸ್ಪಷ್ಟವಾಗಿ, “ಮಮ್, ದಟ್ ವಾಸ್ ಎ ರೆಸರ್ವಾಯರ್” ಎಂದಳು. ದಾರಿಯಲ್ಲಿ ಲಂಡನ್ನಿಗೆ ನೀರು ಕೊಡುವ ದೊಡ್ಡ ಜಲಾಶಯಗಳಿವೆ, ಅವನ್ನೇ ಹೇಳಿದ್ದು.

ಅಮ್ಮ ಮಗಳಿಗೆ “ದೊಡ್ಡೋರು ಮಾತಾಡುವಾಗ ಮಧ್ಯ ಬಾಯಿ ಹಾಕ್ಬೇಡ” ಎಂದು ಗದರಿ, ಕ್ಯಾಪ್ಟನ್ ಕಡೆ ತಿರುಗಿ ನಗುತ್ತ, “ಯೆಸ್ ಯೆಸ್, ರೆಸರ್ವಾಯರ್‌ನಲ್ಲೇ ಇದ್ವು!” ಎಂದರು.

ಕ್ಯಾಪ್ಟನ್ ನಕ್ಷೆಯ ಹತ್ತಿರ ಹೋಗಿ ಲಂಡನ್ನಿನ ಕುಡಿಯುವ ನೀರಿನಲ್ಲಿ ಎರಡು ಪಿನ್ನು ಚುಚ್ಚಿದರು.

ಸೂಪಿನ ಸಾಕ್ಷಿ

ಇಷ್ಟು ಪಿನ್ನು ಇದ್ದರೂ ಕ್ಯಾಪ್ಟನ್ನರ ಹೆಂಡತಿ ಜಗ್ಗಲಿಲ್ಲ. ಒಂದು ಸಂಜೆ ಕ್ಯಾಪ್ಟನ್ ನಕ್ಷೆ ತೋರಿಸಿ, “ಇಷ್ಟು ಜನ ಸುಳ್ಳು ಹೇಳುತ್ತಾರಾ?” ಎಂದು ಕೇಳಿದರು.

ಆಕೆ ಸೂಪಿನ ಪಾತ್ರೆ ತಿರುವುತ್ತಲೇ, “ಅವರು ನನ್ನ ಸೂಪನ್ನೂ ಚೆನ್ನಾಗಿದೆ ಎಂದರು” ಎಂದರು.

ಕ್ಯಾಪ್ಟನ್ ತಲೆ ತಗ್ಗಿಸಿದರು. ಆ ಸೂಪನ್ನು ದಿನಾ ಕುಡಿಯುತ್ತಿದ್ದವರು ಅವರು, ವಾದಕ್ಕೆ ಎಡೆಯೇ ಇರಲಿಲ್ಲ.

ಬೆನ್ನು

ಬೇಸಿಗೆಯ ಕೊನೆಯಲ್ಲಿ ಧಾರವಾಡದಿಂದ ನಮ್ಮತ್ತೆ ಬಂದರು. ನಮ್ಮತ್ತೆಗೆ ದಾಕ್ಷಿಣ್ಯವೆಂಬುದು ದೇವರು ಕೊಡಲು ಮರೆತ ವಸ್ತು. ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ಬಾಯಿಗಿಟ್ಟು, “ಹುಡುಗಿ ಛಲೋ ಅದಾಳ, ಉಪ್ಪಿಟ್ಟು ಗಂಟಗಂಟ ಆಗೇದ” ಎಂದು ನಮ್ಮಪ್ಪನ ಎದುರಿಗೇ ಹೇಳಿದವರು. ಅಂಥವರು ತಿಮಿಂಗಿಲ ನೋಡಬೇಕೆಂದರು. ವಿಮಾನ ಕೊಳ್ಳುವವನು ಮುಂದಿನ ವಾರ ಬರುವವನಿದ್ದ. ಇಂಥ ಹೊತ್ತಿನಲ್ಲಿ ಅತ್ತೆ ಕ್ಯಾಪ್ಟನ್ನರ ಮುಖಕ್ಕೇ “ಏನೂ ಇಲ್ಲ, ಎಲ್ಲಾ ಸುಳ್ಳ” ಎಂದುಬಿಟ್ಟರೆ ಆ ಮುದುಕರ ಗತಿ ಏನು ಎಂದು ನಿಜಕ್ಕೂ ಸಂಕಟವಾಗಿತ್ತು.

ಬಂದವರೇ ಮೊದಲು ಸೂಪು ಕುಡಿದರು. “ಉಪ್ಪಿಲ್ಲ, ಖಾರಿಲ್ಲ. ಬಿಸಿ ಅದ, ಅಷ್ಟ.” ನಾನು ಏನೋ ಸಿಹಿಯಾಗಿ ಅನುವಾದಿಸಲು ಬಾಯಿ ತೆರೆದೆ. ಕ್ಯಾಪ್ಟನ್ನರ ಹೆಂಡತಿ ಕೈ ಎತ್ತಿ ತಡೆದರು. “ಬೇಡ, ಅವರ ಮುಖ ನೋಡಿದರೆ ಗೊತ್ತಾಯಿತು.”

ಅವತ್ತು ಗಾಳಿ ಜೋರಿತ್ತು, ಬೇರೆ ಗಿರಾಕಿಗಳು ಬರಲಿಲ್ಲ. ಅತ್ತೆ ಒಬ್ಬರೇ ಮುಂದಿನ ಸೀಟಿನಲ್ಲಿ, ಸೀರೆಯ ಮೇಲೆ ಮಗನ ಕೋಟು ಹಾಕಿಕೊಂಡು ಹೊರಟರು. ನಾನು ಕೆಳಗೆ ಉಗುರು ಕಚ್ಚುತ್ತ ಕೂತೆ.

ವಿಮಾನ ಇಳಿಯಿತು. ಅತ್ತೆ ಕೆಂಡಾಮಂಡಲವಾಗಿ ನಡೆದು ಬಂದರು. ಹಿಂದೆ ಕ್ಯಾಪ್ಟನ್, ಕೈಯಲ್ಲಿ ವಾಂತಿ ಮಾಡುವ ಕಾಗದದ ಚೀಲ. “ಪಾಪ, ಅವರಿಗೆ ತುಂಬ ತೊಂದರೆಯಾಯಿತು. ನನ್ನ ತೋಳು ಹಿಡಿದು ಜಗ್ಗಿ ಜಗ್ಗಿ ಕೂಗಿದರು. ಚೀಲ ಕೊಟ್ಟರೆ ಎಸೆದರು” ಎಂದರು.

“ತೊಂದ್ರಿ ಅಂವಗ ಆಗೇದ!” ಎಂದರು ಅತ್ತೆ. “ತಮ್ಮಾ, ಅಲ್ಲಿ ನೋಡು, ಅಲ್ಲಿ ನೋಡು ಅಂತ ನಾ ಒದರ್ಲಿಕ್ಹತ್ತೇನಿ, ಇಂವಾ ಕೆಳಗ ಬಗ್ಗಿ ಚೀಲಾ ಹುಡುಕ್ಲಿಕ್ಹತ್ತಾನ! ಅಷ್ಟರಾಗ ಅದು ಮುಳುಗಿ ಹೋತು.”

“ಏನು ಮುಳುಗಿ ಹೋಯ್ತು ಅತ್ತೆ?”

“ಇನ್ನೇನು, ಆ ನಿಮ್ಮ ತಿಮಿಂಗಿಲ! ಅದೇನು ಕಂಡ್ಹಂಗಾತೇನು? ಬರೇ ಬೆನ್ನು! ಕೆರ್ಯಾಗ ಎಮ್ಮಿ ಮಲಗಿಧಂಗ ಕರ್ರಗ ಬೆನ್ನು, ಹಿಂದ ದೂರ ಒಂದು ಸಣ್ಣ ರೆಕ್ಕಿ. ಕಾರಂಜಿ ಇಲ್ಲ, ಬಾಲ ಇಲ್ಲ, ಏನಿಲ್ಲ. ಹೆಣ್ಣು ನೋಡ್ಲಿಕ್ಕೆ ಕರದು ಬೆನ್ನು ತೋರಿಸಿ ಕಳಿಸಿಧಂಗಾತು!”

ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಕ್ಯಾಪ್ಟನ್ ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಅವರ ಕಣ್ಣು ತುಂಬಿತ್ತು.

“ನಾನು ಕಂಡದ್ದೂ ಬೆನ್ನು ಮಾತ್ರ. ಸಣ್ಣ ರೆಕ್ಕೆ, ಅಷ್ಟೇ. ಬಾಲ ಗೀಲ ಎಲ್ಲ ನಾನೇ ಸೇರಿಸಿಕೊಂಡು ಹೇಳುತ್ತಿದ್ದೆ, ಬರೀ ಬೆನ್ನೆಂದರೆ ಯಾರು ನಂಬುತ್ತಾರೆ ಎಂದು. ನಿಮ್ಮವರು ಬಹಳ ಒಳ್ಳೆಯ ಜನ, ಗೊತ್ತು. ಅವರು ಕಂಡ ತಿಮಿಂಗಿಲಗಳೆಲ್ಲ ನಗುತ್ತಿದ್ದವು. ತಿಮಿಂಗಿಲದ ಮೇಲೆ ದೂರು ಹೇಳಿದವರು ಇವರೊಬ್ಬರೇ.”

ಮೂಲೆಯಲ್ಲಿ ಸೌಟಿನ ಸದ್ದು ನಿಂತಿತ್ತು. ಕ್ಯಾಪ್ಟನ್ನರ ಹೆಂಡತಿ ಬಂದು ನಮ್ಮತ್ತೆಯನ್ನು ಬಹಳ ಹೊತ್ತು ನೋಡಿದರು. “ನನ್ನ ಸೂಪಿಗೆ ಉಪ್ಪಿಲ್ಲ ಎಂದವರು ಇವರೇ ಅಲ್ಲವೇ?” ಎಂದು ನನ್ನನ್ನು ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿ, “ಹಾಗಾದರೆ ಅದು ದಿಮ್ಮಿ ಅಲ್ಲ” ಎಂದರು. ಕೊಳ್ಳುವವನಿಗೆ ಬರಬೇಡ ಎಂದು ಅವತ್ತು ಸಂಜೆಯೇ ಆಕೆಯೇ ಫೋನು ಮಾಡಿದರು.

ಅತ್ತೆಗೆ ಇದೊಂದೂ ಬೇಕಾಗಿರಲಿಲ್ಲ. “ತಿಮಿಂಗಿಲ ತೋರಿಸ್ತೀವಿ ಅಂತ ಬೋರ್ಡ್ ಹಾಕ್ಯಾರ, ಬೆನ್ನು ತೋರಿಸ್ತೀವಿ ಅಂತ ಹಾಕಿಲ್ಲ. ಇನ್ನೊಮ್ಮೆ ಪುಕ್ಕಟೆ ಕರ್ಕೊಂಡು ಹೋಗ್ಲಿ, ಮುಖಾ ನೋಡ್ಬೇಕು” ಎಂದು ಪಟ್ಟು ಹಿಡಿದರು. ಮುಂದಿನ ಶನಿವಾರ ಮತ್ತೆ ಹೊರಟರು. ಅವತ್ತು ಕ್ಯಾಪ್ಟನ್ನರ ಹೆಂಡತಿಯೂ ಏಪ್ರನ್ ಬಿಚ್ಚಿಟ್ಟು ಹತ್ತಿದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ. ಮುಂದಿನ ಸೀಟಿಗೆ ಉಪಚಾರದ ಮಾತೇ ಬರಲಿಲ್ಲ. “ಗಂಡನ ಬಾಜೂಕ ನೀ ಕೂಡವಾ” ಎಂದು ಅತ್ತೆ ಆಕೆಯನ್ನು ಮುಂದಕ್ಕೆ ತಳ್ಳಿ ತಾವು ಹಿಂದೆ ಕೂತರು.

ಇಳಿದು ಬಂದಾಗ ನಾನು ಅತ್ತೆಯನ್ನು ಕೇಳಿದೆ. “ಏನಿಲ್ಲ. ಬರೇ ನೀರು” ಎಂದರು.

ಕ್ಯಾಪ್ಟನ್ ಹೆಂಡತಿಯ ಕೈ ಹಿಡಿದು ಇಳಿಸುತ್ತ, ಮೆಲ್ಲಗೆ, ಹೆದರಿ ಹೆದರಿ ಕೇಳಿದರು. “ನಿನಗೆ ಕಂಡಿತೇ?”

ಆಕೆ ಗಂಡನ ಮುಖವನ್ನೇ ನೋಡಿದರು. ಕೆದರಿದ್ದ ಕೂದಲು ಸರಿ ಮಾಡಿಕೊಂಡರು.

“ಕಂಡಿತು” ಎಂದರು. “ಎಷ್ಟು ದೊಡ್ಡದು! ನನ್ನನ್ನು ನೋಡಿ ನಕ್ಕಿತು.”

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಕೋಟಿನ ಗುಂಡಿ ಬಿಚ್ಚುತ್ತ ನನಗೆ ಹೇಳಿದರು:

“ಕೆಟ್ಟಳು. ನಿಮ್ಮ ಮಂದಿ ಸೂಪು ಹೊಗಳಿ ಹೊಗಳಿ ಈಕಿಗೂ ಆ ಚಟಾ ಹಚ್ಚಿಬಿಟ್ಟಾರ.”