ಕಿತ್ತರೂ ಬಾರದ ಕೆಂಪು ಚೀಟಿ

ಸಂಶೋಧನೆಗೆ ಸೇರಿ ಆರು ವರ್ಷವಾದರೂ ಥೀಸಿಸ್ ಮುಗಿಯದ ಕಾರಣ ಲ್ಯಾಬಿನಲ್ಲಿ ಅವನಿಗೆ 'ಖಾಯಂ' ಎಂಬ ಬಿರುದು ಸಿಕ್ಕಿತ್ತು. ಬಾಕಿ ಇದ್ದದ್ದು ಒಂದೇ ಪ್ರಯೋಗ. ಅದಕ್ಕೆ ಬೇಕಾದ ಚಿಟಿಕೆ ಪುಡಿ ಇವತ್ತು ಕೊರಿಯರ್‌ನಲ್ಲಿ ಬರಬೇಕು, ಬಂದೊಡನೆ ಫ್ರೀಜರ್ ಸೇರಬೇಕು. ಫ್ರೀಜರಿನಲ್ಲೋ, ಸೂಜಿ ತೂರಿಸಲೂ ಜಾಗವಿಲ್ಲ! ಎಂದೋ ಓದು ಮುಗಿಸಿ ಹೋದವರ ಡಬ್ಬಿಗಳೂ ಅಲ್ಲೇ ಹಿಮ ಹೊದ್ದು ಮಲಗಿದ್ದವು.

"ಹಳೇದಕ್ಕೆಲ್ಲ ಕೆಂಪು ಚೀಟಿ ಅಂಟಿಸಯ್ಯಾ," ಎಂದರು ಪ್ರೊಫೆಸರ್. "ಚೀಟಿ ಇರೋದನ್ನೆಲ್ಲ ಸಂಜೆ ಹಬೆಯಲ್ಲಿ ಬೇಯಿಸಿ ಬಿಸಾಕಿಸ್ತೀನಿ."

ಖಾಯಂ ಅಂಗಡಿಗೆ ಓಡಿ ಚೀಟಿ ತಂದು ಅಂಟಿಸಿದ. ಟೀ ಕುಡಿದು ಬಂದು ನೋಡಿದರೆ ಒಂದೂ ಇಲ್ಲ. ಎಲ್ಲರೂ ತಂತಮ್ಮ ಡಬ್ಬಿಯ ಚೀಟಿ ಕಿತ್ತು, ಏನೂ ಅರಿಯದವರಂತೆ ಕೂತಿದ್ದರು.

"ಅದು ನನ್ನ ಮೊದಲ್ನೇ ವರ್ಷದ ಸ್ಯಾಂಪಲ್ ಕಣೋ, ಇರ್ಲಿ ಬಿಡು," ಎಂದ ಪಕ್ಕದ ಮೇಜಿನ ಗೆಳೆಯ.

"ಏನದು?"

"ಯಾರಿಗ್ಗೊತ್ತು, ಹೆಸರು ಅಳಿಸ್ಹೋಗಿದೆ."

ಖಾಯಂಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ಥೀಸಿಸ್ಸೇ ಇದು! ಜೀವಕೋಶದೊಳಗೂ ಬೇಡವಾದ ಪ್ರೋಟೀನಿಗೆ 'ಬಿಸಾಕಿ' ಎನ್ನುವ ಗುರುತು ಅಂಟಿಕೊಳ್ಳುತ್ತದೆ. ಕೆಲವು ಕಿಣ್ವಗಳು ಅದನ್ನು ಕಿತ್ತು ಪ್ರೋಟೀನನ್ನು ಉಳಿಸುತ್ತವೆ. ಬರಲಿರುವ ಪುಡಿ ಆ ಕಿಣ್ವಗಳ ಕೈ ಕಟ್ಟಿಹಾಕುವಂಥದ್ದು. ಅದು ಬರುವ ತನಕ ಆ ಕೆಲಸ ನನ್ನದೇ ಎಂದುಕೊಂಡು ಮತ್ತೆ ಅಂಟಿಸಿದ.

ಉಳಿದವರು ಸುಮ್ಮನಾದರು. ಲ್ಯಾಬಿನ ಸೀನಿಯರ್ ಅಕ್ಕ ಮಾತ್ರ ಜಗ್ಗಲಿಲ್ಲ. ಅವರ ನೀಲಿ ಡಬ್ಬಿಯ ಚೀಟಿ ಮತ್ತೆ ಮಾಯ. ಅಂಟಿಸಿದ. ಮತ್ತೂ ಮಾಯ.

"ಲೋ ತಮ್ಮ, ಆ ಡಬ್ಬಿಲಿ..." ಎಂದು ಅಕ್ಕ ಶುರುಮಾಡಿದರು.

"ಕೈ ಮುಗೀತೀನಿ ಅಕ್ಕ, ನಿಮ್ಮ ಡಬ್ಬಿ ಪುರಾಣ ಬೇಡ. ಆರು ವರ್ಷದಿಂದ ಕೇಳ್ತಿದೀನಿ."

"ಪೂರ್ತಿ ಕೇಳೋ!"

"ಊಹೂಂ!"

"ಹಾಳಾಗ್ಹೋಗು," ಎಂದು ಮುಖ ಊದಿಸಿಕೊಂಡು ಅವರು ಪಾಠ ಮಾಡಲು ಹೊರಟರು. ಖಾಯಂ ಚಪ್ಪಲಿ ಅಂಟಿಸುವ ಗೋಂದು ತಂದು ನೀಲಿ ಡಬ್ಬಿಗೆ ಚೀಟಿ ಮೆತ್ತಿದ. ಎಳೆದು ನೋಡಿದ. ಅಲ್ಲಾಡಲಿಲ್ಲ. ಎಷ್ಟೋ ದಿನದ ಮೇಲೆ ಅವನಿಗೆ ಖುಷಿಯಾಯಿತು.

ಸಂಜೆ ಎಲ್ಲವೂ ಬೆಂದು ಮುದ್ದೆಯಾಯಿತು. ಖಾಲಿ ಫ್ರೀಜರ್ ನೋಡಿ ಪ್ರೊಫೆಸರ್ ಬೆನ್ನು ತಟ್ಟಿದರು. ಪುಡಿ ಮಾತ್ರ ಇನ್ನೂ ಬಂದಿರಲಿಲ್ಲ. ಖಾಯಂ ಕೊರಿಯರಿನವನಿಗೆ ಫೋನ್ ಮಾಡಿದ.

"ಬೆಳಗ್ಗೇನೇ ಕೊಟ್ಟಾಯ್ತಲ್ಲ ಸರ್! ಯಾರೋ ಮೇಡಂ ತಗೊಂಡ್ರು."

ಅಷ್ಟರಲ್ಲಿ ಪಾಠ ಮುಗಿಸಿ ಬಂದ ಅಕ್ಕ ಫ್ರೀಜರ್ ತೆರೆದು ತಲೆ ಮೇಲೆ ಕೈ ಹೊತ್ತರು. "ನನ್ನ ನೀಲಿ ಡಬ್ಬಿ ಎಲ್ಲೋ?"

"ಬೇಯಿಸಿ ಆಯ್ತು ಅಕ್ಕ."

"ಅಯ್ಯೋ ನಿನ್ನ! ನೀನು ಚೀಟಿ ತರೋಕೆ ಹೋದಾಗ ನಿನ್ನ ಪುಡಿ ಬಂತು. ಎಲ್ಲೂ ಜಾಗ ಇಲ್ಲ ಅಂತ ನನ್ನ ಡಬ್ಬಿಲಿಟ್ಟೆ. ಅದನ್ನ ಉಳಿಸೋಕೇ ಅಲ್ವೇನೋ, ಕಿತ್ತಿದ್ದೂ ಕಿತ್ತಿದ್ದೇ!"

ಖಾಯಂ ಕಸದ ಬುಟ್ಟಿಯತ್ತ ಹೊರಟ.

"ಬಿಡಯ್ಯಾ, ಇನ್ನೊಂದು ತರಿಸೋಣ," ಎಂದರು ಪ್ರೊಫೆಸರ್. "ಮುಂದಿನ ವರ್ಷ ಬರುತ್ತೆ. ಇಡೋಕೆ ಜಾಗಕ್ಕಂತೂ ಬರ ಇಲ್ವಲ್ಲ."

ಅವರ ಬೆನ್ನ ಹಿಂದೆ ಪಕ್ಕದ ಮೇಜಿನ ಗೆಳೆಯ ಆಗಲೇ ಎರಡು ಡಬ್ಬಿಗಳನ್ನು ಫ್ರೀಜರಿನೊಳಗೆ ತಳ್ಳುತ್ತಿದ್ದ.