ಕ್ಯಾಮೆರಾ ಮುಂದೆ ಎಲ್ಲ ಆರಾಮ

ಮೈಕ್ ಎಂದರೆ ನನಗೆ ಹೆದರಿಕೆ ಇಲ್ಲ. ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ, ಈ ಕಡೆ ಯಾರದೇ ಲಗ್ನವಿರಲಿ, ವಾಸ್ತುಶಾಂತಿ ಇರಲಿ, ಸ್ವಾಗತದಿಂದ ವಂದನಾರ್ಪಣೆಯವರೆಗೆ ನಿರೂಪಣೆ ನನ್ನದೇ. ಬೀಳಗಿಯಲ್ಲಿ ಒಮ್ಮೆ ಕರೆಂಟು ಹೋದಾಗ ಮೈಕಿಲ್ಲದೆ ಮುಕ್ಕಾಲು ಗಂಟೆ ಮಾತಾಡಿದ್ದೇನೆ. ನಡುವೆ ಊಟಕ್ಕೆ ಎದ್ದು ಹೋದವರ ಸುದ್ದಿ ಈಗ ಬೇಡ. ಉಳಿದ ದಿನಗಳಲ್ಲಿ ಮನೆಯಲ್ಲಿ ಎರಡು ವಿದ್ಯುತ್ ಮಗ್ಗ ನಡೆಸುತ್ತೇನೆ. ನಡೆಸುವವಳು ಹೆಂಡತಿ ಶೋಭಾ. ನಡೆಯುತ್ತಿವೆಯೇ ಎಂದು ನೋಡುವವನು ನಾನು.

ಹೀಗಿರುವಾಗ ಟಿವಿಯವರು ನಮ್ಮ ಓಣಿಗೆ ಬರುತ್ತಾರೆಂದು ತಿಳಿಯಿತು. ಅವರ ಮುಂದೆ ಮಾತಾಡುವವರು ಯಾರು ಎಂಬ ಪ್ರಶ್ನೆ ಹುಟ್ಟುವ ಕಾರಣವೇ ಇರಲಿಲ್ಲ. ಹುಟ್ಟಿಸಿದವಳು ಶೋಭಾ.

ವಿಷಯ ಗಂಭೀರವಾಗಿತ್ತು. ನಮ್ಮ ಓಣಿಗೆ ಇರುವುದು ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಅದನ್ನು ಕೂಡಿಸಿದಾಗ ಓಣಿಯಲ್ಲಿ ಎಂಟೋ ಹತ್ತೋ ಮಗ್ಗ ಇದ್ದವು, ಈಗ ನಲವತ್ತು. ಎಲ್ಲವೂ ಒಮ್ಮೆಗೇ ಶುರುವಾದರೆ ವೋಲ್ಟೇಜ್ ಬೀಳುತ್ತದೆ, ಬಲ್ಬು ಕೆಂಪಗಾಗುತ್ತದೆ, ಮೋಟಾರು ನರಳುತ್ತದೆ. ಎದುರುಮನೆಯ ಮಲ್ಲಪ್ಪನ ಮೋಟಾರು ಹೀಗೆಯೇ ಎರಡು ಸಲ ಸುಟ್ಟಿತ್ತು. ಇನ್ನೊಮ್ಮೆ ಸುಟ್ಟರೆ ಮಗ್ಗವನ್ನು ಗುಜರಿಗೆ ಹಾಕಿ, ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆ ಕೂಲಿ ಹುಡುಕಿಕೊಂಡು ಹೋಗುತ್ತೇನೆ ಎಂದು ಅವನು ಹೇಳಿಬಿಟ್ಟಿದ್ದ. ಅಪ್ಪನ ಕಾಲದಿಂದ ಸೀರೆ ಬಿಟ್ಟು ಬೇರೆ ಕೆಲಸ ಮುಟ್ಟದ ಮನುಷ್ಯ ಅವನು. ಹೊಸ ಟಿಸಿಗಾಗಿ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ಟಿವಿಯಲ್ಲಿ ಬಂದರೆ ಕಚೇರಿಯವರ ಕಣ್ಣಿಗೆ ಬಿದ್ದೀತು ಎಂದು ಓಣಿಯವರೆಲ್ಲ ಆಸೆ ಇಟ್ಟುಕೊಂಡಿದ್ದರು.

"ಮಲ್ಲಪ್ಪಣ್ಣನ ಮಾತಾಡ್ಲಿ ಬಿಡ್ರಿ. ಮೋಟಾರ ಸುಟ್ಟಿದ್ದು ಅವಂದ ಅಲ್ಲೇನ್ರಿ?" ಎಂದಳು ಶೋಭಾ, ಕಂಡಿಕೆಗೆ ನೂಲು ಸುತ್ತುತ್ತಾ.

ಮೋಟಾರು ಸುಡುವುದು ಬೇರೆ, ಮಾಧ್ಯಮವನ್ನು ಎದುರಿಸುವುದು ಬೇರೆ ಎಂದು ಆಕೆಗೆ ತಿಳಿಸಿ ಹೇಳಿದೆ. ಮಲ್ಲಪ್ಪ ನಾಲ್ಕು ಜನರ ಮುಂದೆ ನಿಂತರೆ ಟೊಪ್ಪಿಗೆ ತೆಗೆದು ತಲೆ ಕೆರೆಯುವ ಪೈಕಿ. ಕ್ಯಾಮೆರಾ ಎದುರಿಸಲು ತರಬೇತಿ ಬೇಕು. ಆ ತರಬೇತಿಯನ್ನು ನಾನು ಮೂರು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿ ಪಡೆದೆ. ಕ್ಯಾಮೆರಾವನ್ನು ಮನೆಗೆ ಬಂದ ಅತಿಥಿ ಎಂದು ತಿಳಿಯಬೇಕಂತೆ. ಮುಖದ ಮೇಲಿನ ನಗು ಮಾಸಬಾರದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿಂದ ನಕಾರಾತ್ಮಕ ಪದ ಬರಲೇಬಾರದಂತೆ. ಕಪಾಟಿನ ಕನ್ನಡಿಯ ಮುಂದೆ ನಿಂತು ನಗುತ್ತಾ ಅಭ್ಯಾಸ ಮಾಡಿದೆ. ಶೋಭಾ ಎರಡು ಸಲ ಬಂದು ಹಲ್ಲು ನೋವೇ ಎಂದು ಕೇಳಿಹೋದಳು.

ಆ ದಿನ ಮುಂಜಾನೆ ಮನೆ ಮನೆಗೆ ಹೋಗಿ, ಸಂದರ್ಶನ ಮುಗಿಯುವ ತನಕ ಒಂದು ಮಗ್ಗವೂ ಸದ್ದು ಮಾಡಕೂಡದು ಎಂದು ವಿನಂತಿಸಿಕೊಂಡೆ. ನನ್ನ ಧ್ವನಿ ಸ್ಪಷ್ಟವಾಗಿ ಕೇಳಬೇಕಲ್ಲ! ಎಲ್ಲ ಬಂದ್ ಮಾಡಿದರೆ ಹೇಗೆ ಎಂದು ಮಲ್ಲಪ್ಪ ಏನೋ ಹೇಳಲು ಬಂದ. ತಾಂತ್ರಿಕ ವಿಷಯ ಆಮೇಲೆ ಮಾತಾಡೋಣ ಎಂದು ಅವನ ಬಾಯಿ ಮುಚ್ಚಿಸಿದೆ. ನಲವತ್ತೂ ಮಗ್ಗ ನಿಂತವು. ಬನಹಟ್ಟಿಯಲ್ಲಿ ನಮ್ಮ ಓಣಿಯಲ್ಲಷ್ಟೇ ಗುಬ್ಬಚ್ಚಿಯ ಸದ್ದು ಕೇಳುತ್ತಿತ್ತು.

ವರದಿಗಾರ್ತಿಯೂ ಕ್ಯಾಮೆರಾದವನೂ ಬಂದರು. ಮೊದಲು ಶಾಲು ಹೊದಿಸಿ ಸತ್ಕಾರ. ಆಮೇಲೆ ಸೂಸಲಾ, ಮಿರ್ಚಿ, ಚಹಾ. ಆ ಹುಡುಗಿ ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಇಲ್ಲಿಂದ ಲೋಕಾಪುರಕ್ಕೆ ಹೋಗಬೇಕಂತೆ, ನಮಗೆ ಎರಡೇ ನಿಮಿಷವಂತೆ. ನಾನು ರೇಷ್ಮೆ ಜುಬ್ಬಾ ಸರಿಪಡಿಸಿಕೊಂಡು ಮಗ್ಗದ ಮುಂದೆ ನಿಂತೆ. ಹಿಂದೆ ಒಂದು ಮಗ್ಗ ನಡೆಯುತ್ತಿದ್ದರೆ ದೃಶ್ಯ ಚೆನ್ನಾಗಿರುತ್ತದೆ ಎಂದ ಕ್ಯಾಮೆರಾದವನು. ಶೋಭಾ ಬಟನ್ ಒತ್ತಿದಳು.

ಇಡೀ ಓಣಿಯ ಕರೆಂಟು ಆ ಒಂದು ಮಗ್ಗಕ್ಕೆ ಬಂತು! ತಂದ ದಿನದಿಂದ ಅದು ಅಷ್ಟು ಚಂದ ಓಡಿದ್ದನ್ನು ನಾನು ಕಂಡಿರಲಿಲ್ಲ. ತಲೆಯ ಮೇಲಿನ ಬಲ್ಬು ಬೆಳ್ಳಗೆ ಉರಿಯಿತು. ಬಾಗಿಲಲ್ಲಿ ನಿಂತಿದ್ದ ಮಲ್ಲಪ್ಪ ಬಲ್ಬನ್ನೂ ನನ್ನನ್ನೂ ನೋಡಿ ಹಣೆಗೆ ಕೈ ಹಚ್ಚಿಕೊಂಡ. ಬಲ್ಬಿನ ಬೆಳಕು ಅವನ ಕಣ್ಣಿಗೆ ಹೊಡೆಯುತ್ತಿದೆ ಎಂದುಕೊಂಡೆ.

"ನಮಸ್ಕಾರ ಸರ್. ನೇಕಾರರೆಲ್ಲ ಹೇಗಿದ್ದೀರಿ?" ಎಂದಳು ವರದಿಗಾರ್ತಿ.

ಮನೆಗೆ ಬಂದವರು ಹೀಗೆ ಕೇಳಿದರೆ ನಮ್ಮ ಕಡೆ ಉತ್ತರ ಒಂದೇ. ಕಾಲು ಮುರಿದುಕೊಂಡು ಹಾಸಿಗೆ ಹಿಡಿದವನೂ ಅದನ್ನೇ ಹೇಳುತ್ತಾನೆ. ಕಷ್ಟದ ಮಾತು ಬರುವುದು ಎರಡನೇ ಸುತ್ತಿನ ಚಹಾದ ಮೇಲೆ. ನಾನೂ ಕೈ ಮುಗಿದು, ನಗು ಮಾಸದಂತೆ ಹೇಳಿದೆ: "ಎಲ್ಲಾರೂ ಆರಾಮ ಅದೇವ್ರಿ. ನಿಮ್ಮ ಆಶೀರ್ವಾದ."

ಕರೆಂಟಿನ ವ್ಯವಸ್ಥೆ ಹೇಗಿದೆ ಎಂದು ಅವಳೇ ದಾರಿ ತೋರಿಸಿದಳು. ನಕಾರಾತ್ಮಕ ಪದ ಬಳಸುವಂತಿಲ್ಲ. "ಇದ್ದದ್ರಾಗ ಛಲೋನ ನಡದೈತ್ರಿ" ಎಂದೆ. ಅದು ಬರೀ ಪೀಠಿಕೆ. ವೇದಿಕೆಯ ಮೇಲೆ ನನ್ನ ಪೀಠಿಕೆಗೇ ಹತ್ತು ನಿಮಿಷ ಬೇಕು. ಓಣಿಯ ಹಿರಿಯರಿಗೆಲ್ಲ ಹೆಸರು ಹಿಡಿದು ವಂದಿಸಿ, ನೇಕಾರಿಕೆಯ ಪರಂಪರೆಗೆ ಕಾಲಿಡುತ್ತಿದ್ದೆ. ಅಷ್ಟರಲ್ಲಿ ಅವಳು ಧನ್ಯವಾದ ಹೇಳಿ ಮೈಕ್ ಇಳಿಸಿದಳು. ಟಿಸಿಯ ಹೆಸರು ಇನ್ನೂ ನನ್ನ ಬಾಯಿಗೆ ಬಂದೇ ಇರಲಿಲ್ಲ.

ಸಂಜೆ ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ಟಿವಿ ನೋಡಿದರು. ಹಲ್ಲು ಕಿರಿಯುತ್ತಿರುವ ನಾನು, ಹಿಂದೆ ಭರದಿಂದ ಓಡುವ ಮಗ್ಗ, ಮೇಲೆ ಝಗಝಗಿಸುವ ಬಲ್ಬು. ಕೆಳಗೆ ದೊಡ್ಡ ಅಕ್ಷರದಲ್ಲಿ ‘ನೇಕಾರರ ಮೊಗದಲ್ಲಿ ನಗು’ ಎಂದು ಬಂತು. ಪಡಸಾಲೆಯಲ್ಲಿ ಮಾತ್ರ ಯಾರ ಮೊಗದಲ್ಲೂ ಅದು ಇರಲಿಲ್ಲ. ಯಾರೂ ನನ್ನನ್ನು ಬಯ್ಯಲಿಲ್ಲ. ಮಲ್ಲಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಬಯ್ದಿದ್ದರೆ ಒಳ್ಳೆಯದಿತ್ತು. ನನಗೆ ಅಂದು ನಿಜಕ್ಕೂ ನಾಚಿಕೆಯಾಯಿತು.

ವಾರದ ಮೇಲೆ ಮಲ್ಲಪ್ಪನೂ ನಾನೂ ವಿದ್ಯುತ್ ಕಚೇರಿಗೆ ಹೋದೆವು. ನಮ್ಮ ಅರ್ಜಿ ಕಂಡ ಕೂಡಲೇ ಸಾಹೇಬರು ಮೊಬೈಲ್ ತೆಗೆದು ನನಗೆ ನನ್ನನ್ನೇ ತೋರಿಸಿದರು. ಇಷ್ಟು ಆರಾಮ ಇರುವ ಓಣಿಗೆ ಹೊಸ ಟಿಸಿ ಯಾಕೆ, ಬಂದಿರುವ ಒಂದನ್ನು ಬೇರೆ ಓಣಿಗೆ ಬರೆದಾಗಿದೆ ಎಂದರು. ನಾನು ಗಂಟಲು ಸರಿಮಾಡಿಕೊಂಡು, ಮಾನ್ಯರೇ ಎಂದು ಶುರು ಮಾಡಿದೆ. ಮಲ್ಲಪ್ಪ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದ.

"ಸಾಹೇಬ್ರ, ಇವ್ರಿಗಿ ಮಾತಾಡಾಕ ಬರೂದಿಲ್ರಿ" ಎಂದ. "ಯಾರ ಕೇಳಿದ್ರೂ ಆರಾಮ ಅಂತಾರ. ನಾಳಿ ಮುಂಜಾನಿ ಎಲ್ಲಾ ಮಗ್ಗ ಚಾಲೂ ಇದ್ದಾಗ ಬಂದು ನಮ್ಮ ಮನ್ಯಾಗಿನ ಬಲ್ಬ ನೋಡ್ರಿ. ಇನ್ನೊಮ್ಮಿ ಮೋಟಾರ ಸುಟ್ಟರ ನಾ ನೇಯೂದ ಬಿಡ್ತೀನ್ರಿ."

ಅಷ್ಟೇ. ಪೀಠಿಕೆ ಇಲ್ಲ, ವಂದನಾರ್ಪಣೆ ಇಲ್ಲ. ಸಾಹೇಬರು ಪೆನ್ನು ಕೈಗೆ ತೆಗೆದುಕೊಂಡು ನನ್ನ ಕಡೆ ತಿರುಗಿ, ಇವರು ಹೇಳುವುದು ಖರೆಯೇ ಎಂದು ಕೇಳಿದರು. ಇಪ್ಪತ್ತು ವರ್ಷ ವೇದಿಕೆ ಆಳಿದ ನಾನು ಒಮ್ಮೆ ಮಲ್ಲಪ್ಪನನ್ನು ನೋಡಿದೆ.

"ಖರೇನ್ರಿ ಸಾಹೇಬ್ರ" ಎಂದೆ. "ನನಗ ಮಾತಾಡಾಕ ಬರೂದಿಲ್ರಿ."

ಸಾಹೇಬರು ಮರುದಿನ ಬರುವುದಾಗಿ ಡೈರಿಯಲ್ಲಿ ಬರೆದುಕೊಂಡರು. ಈ ಇಡೀ ಪ್ರಕರಣದಲ್ಲಿ ಓಣಿಗೆ ಉಪಯೋಗವಾದ ನನ್ನ ಮಾತು ಅದೊಂದೇ.